ಮೂರನೆಯವರ ಪಾಡೇನು?

ತ್ರಿಕೋನ ಪ್ರೇಮದ ಅನಿಮೆ ಶುರುವಾದ್ರೆ ಸಾಕು, ನಮ್ಮ ಆಫೀಸ್ ಗ್ರೂಪಿನಲ್ಲಿ ಮೂರನೇ ಎಪಿಸೋಡಿಗೇ ಪಾರ್ಟಿ ಕಟ್ಟಿ ಕಿತ್ತಾಟ. ನನಗೆ ಮಾತ್ರ ಯಾರು ಗೆಲ್ತಾರೆ ಅನ್ನೋದಕ್ಕಿಂತ ಸೋತವರನ್ನ ಕಥೆ ಹೇಗೆ ನಡೆಸಿಕೊಳ್ಳುತ್ತೆ ಅನ್ನೋದೇ ಕುತೂಹಲ. ಎಷ್ಟೋ ಸರಣಿಗಳಲ್ಲಿ ಎರಡನೇ ಹುಡುಗಿ ಕಣ್ಣೊರೆಸಿಕೊಂಡು, ನಕ್ಕು, ಪಕ್ಕಕ್ಕೆ ಸರಿದುಬಿಡ್ತಾಳೆ. ಆಮೇಲೆ ಅವಳ ಸುದ್ದಿಯೇ ಇಲ್ಲ.

'ಕಿಮಾಗುರೆ ಆರೆಂಜ್ ರೋಡ್' ತಗೊಳ್ಳಿ. 1987-88ರಲ್ಲಿ ಬಂದ 48 ಎಪಿಸೋಡಿನ ಸರಣಿ. ಕ್ಯೋಸುಕೆಗೆ ಮಡೋಕಾ ಇಷ್ಟ, ಮಡೋಕಾಳ ಆಪ್ತ ಗೆಳತಿ ಹಿಕಾರುಗೆ ಕ್ಯೋಸುಕೆ ಇಷ್ಟ. ಹುಡುಗನಿಗೆ ಅತೀಂದ್ರಿಯ ಶಕ್ತಿ ಇದೆ, ಕಣ್ಣುಮುಚ್ಚಿ ತೆರೆಯೋದ್ರೊಳಗೆ ಬೇರೆ ಕಡೆ ಹೋಗಿಬಿಡ್ತಾನೆ. ಆದರೆ ಹಿಕಾರುಗೆ 'ಇಲ್ಲ' ಅನ್ನೋಕೆ ಬಾಯಿ ಬರಲ್ಲ! ಟಿವಿಯಲ್ಲಿ ಇದೆಲ್ಲ ತಮಾಷೆ. 1988ರಲ್ಲೇ ಬಂದ ಸಿನಿಮಾದಲ್ಲಿ ಆ ತಮಾಷೆ ನಿಂತುಹೋಗುತ್ತೆ. ಅವನು ಕೊನೆಗೂ ಹೇಳ್ತಾನೆ, ಅವಳು ಒಪ್ಪಲ್ಲ. ಬಿಡದೆ ಹಿಂದೆ ಬೀಳ್ತಾಳೆ. ಅವನು ಕಲ್ಲಾಗಿ ನಿಲ್ಲಬೇಕಾಗುತ್ತೆ. ನೋಡೋಕೆ ಹಿಂಸೆ. ಆದ್ರೆ ವರ್ಷಗಟ್ಟಲೆ ಸುಮ್ಮನಿದ್ದು ಅವಳನ್ನ ಆಸೆಯಲ್ಲಿ ಇಟ್ಟವನು ಅವನೇ ತಾನೇ? ಆ ಬಿಲ್ ಈ ಸಿನಿಮಾದಲ್ಲಿ ಬರುತ್ತೆ.

'ತೊರಾಡೊರಾ' (2008-09, 25 ಎಪಿಸೋಡು) ಲೆಕ್ಕ ಬೇರೆ. ರ್ಯೂಜಿಗೆ ಮಿನೋರಿ ಮೇಲೆ ಮನಸ್ಸು, ತೈಗಾಗೆ ಕಿತಾಮುರಾ ಮೇಲೆ. ನೀನು ನನಗೆ ಹೆಲ್ಪ್ ಮಾಡು, ನಾನು ನಿನಗೆ ಮಾಡ್ತೀನಿ ಅಂತ ಇಬ್ಬರೂ ಒಪ್ಪಂದ ಮಾಡ್ಕೊಳ್ತಾರೆ. ಕ್ರಿಸ್‌ಮಸ್ ರಾತ್ರಿ ರ್ಯೂಜಿಯನ್ನ ಮಿನೋರಿ ಹತ್ತಿರ ತಾನೇ ತಳ್ಳಿ ಕಳಿಸಿದ ತೈಗಾ, ಅವನು ಹೋದ ಮೇಲೆ ಬರಿಗಾಲಲ್ಲಿ ಬೀದಿಗೆ ಓಡಿ ಅವನ ಹೆಸರು ಕೂಗಿ ಅಳ್ತಾಳೆ. ಮಿನೋರಿ ಅದನ್ನ ನೋಡಿಬಿಡ್ತಾಳೆ. ರ್ಯೂಜಿ ಬಾಯಿ ತೆರೆಯೋ ಮೊದಲೇ ಅವನಿಗೆ ಬೇಡ ಅಂತಾಳೆ. ಬೇರೆ ಕಡೆ ಆಗಿದ್ರೆ ಇದು ತ್ಯಾಗ, ಚಪ್ಪಾಳೆ. ಇಲ್ಲಿ ಮುಂದಿನ ಎಪಿಸೋಡುಗಳು ಆ ತ್ಯಾಗವನ್ನೇ ಪ್ರಶ್ನೆ ಮಾಡ್ತವೆ. ಗೆಳತಿಯ ಪಾಲಿನ ನಿರ್ಧಾರ ಮಾಡೋಕೆ ನೀನ್ಯಾರು? ನಿನ್ನ ಮನಸ್ಸಿನಲ್ಲಿರೋದನ್ನ ಮುಚ್ಚಿಡೋದು ಒಳ್ಳೇತನವಾ? ಕೊನೆಗೆ ಮಿನೋರಿ ಬಾಯಿಬಿಟ್ಟೇ ಹೇಳ್ತಾಳೆ, ಆಮೇಲೇ ಸೋಲ್ತಾಳೆ. ಹಿಕಾರುಗೆ ಈ ಮರ್ಯಾದೆ ಸಿಗಲಿಲ್ಲ.

ಇವೆರಡಕ್ಕಿಂತ ನನಗೆ ಹೆಚ್ಚು ಇಷ್ಟ 'ಮೇಸನ್ ಇಕ್ಕೊಕು'. ರುಮಿಕೊ ತಕಾಹಾಶಿ ಅವರ ಮಂಗಾದಿಂದ ಬಂದದ್ದು, 1986ರಿಂದ 88ರವರೆಗೆ 96 ಎಪಿಸೋಡು. ಹಳೇ ವಠಾರದಂಥ ಮನೆಯ ಬಾಡಿಗೆದಾರ ಗೊಡೈ, ಕೆಲಸವಿಲ್ಲ, ದುಡ್ಡಿಲ್ಲ. ಮನೆ ನೋಡಿಕೊಳ್ಳೋ ಕ್ಯೋಕೊ ವಿಧವೆ. ಎದುರಾಳಿ ಮಿತಾಕಾ ಶ್ರೀಮಂತ, ಚೆಲುವ, ಟೆನಿಸ್ ಕೋಚ್. ನಾಯಿ ಕಂಡರೆ ಮಾತ್ರ ಜೀವ ಬಾಯಿಗೆ. ಹೊರಗಿಂದ ನೋಡಿದ್ರೆ ತ್ರಿಕೋನ ಇದೇ. ನಿಜವಾದ ಮೂರನೆಯವನು ಸತ್ತುಹೋದ ಗಂಡ ಸೋಯಿಚಿರೊ. ಮನೆ ನಾಯಿಗೂ ಅವನದೇ ಹೆಸರು, ದಿನವೂ ಕೂಗಲೇಬೇಕು. ಅವನ ಮುಖವನ್ನಂತೂ ನಮಗೆ ತೋರಿಸೋದೇ ಇಲ್ಲ. ಮುಖವಿಲ್ಲದ ಎದುರಾಳಿಯನ್ನ ಸೋಲಿಸೋದು ಹೇಗೆ?

ಗೊಡೈ ಸೋಲಿಸೋಕೆ ಹೋಗಲ್ಲ. ಮದುವೆಗೆ ಮುಂಚೆ ಸಮಾಧಿ ಮುಂದೆ ನಿಂತು, ಕ್ಯೋಕೊ ಮನಸ್ಸಿನಲ್ಲಿರೋ ನಿಮ್ಮನ್ನೂ ಸೇರಿಸಿಯೇ ಅವಳನ್ನ ಒಪ್ಪಿಕೊಳ್ತೀನಿ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ಅವಳಿಗೂ ಅದು ಕೇಳಿಸುತ್ತೆ. 96 ಎಪಿಸೋಡು ಜಾಸ್ತಿ ಆಯ್ತು ಅನ್ನೋರು ಮೆಟ್ರೋದಲ್ಲಿ ದಿನಕ್ಕೊಂದು ನೋಡಿ. ಈ ಸೀನಿನ ದಿನ ಮಾತ್ರ ಮನೆಯಲ್ಲೇ ನೋಡಿ.