ಹಿಮದಲ್ಲೂ ಎಂಟೇ ಜನವೇ?



ನ್ಯೂಯಾರ್ಕ್ ರಾಜ್ಯದ ಅಡಿರಾಂಡ್ಯಾಕ್ ಬೆಟ್ಟಗಳಿಗೆ ಚಳಿಗಾಲದಲ್ಲಿ ಟೆಂಟು, ಸ್ಲೀಪಿಂಗ್ ಬ್ಯಾಗು ಹೊತ್ತು ಹೊರಡುವ ಉತ್ಸಾಹಿಗಳು ನಮ್ಮಲ್ಲೂ ಇದ್ದಾರೆ. ಪ್ಲಾನ್ ಮಾಡಲು ಕೂತಾಗಲೆಲ್ಲ ಒಂದೇ ಗೊಣಗಾಟ: "ಕಾಡಿಗೆ ಹೋಗೋದಕ್ಕೂ ಇಷ್ಟೊಂದು ರೂಲ್ಸಾ?"

ಗೊಣಗುವುದರಲ್ಲಿ ಅರ್ಥವಿಲ್ಲದಿಲ್ಲ. ಹೈ ಪೀಕ್ಸ್ ವಿಲ್ಡರ್‌ನೆಸ್‌ನಲ್ಲಿ ರಾತ್ರಿ ತಂಗುವ ಗುಂಪಿನಲ್ಲಿ 8 ಜನಕ್ಕಿಂತ ಹೆಚ್ಚು ಇರುವಂತಿಲ್ಲ. ಹಗಲು ಹೋಗಿ ಬರುವುದಾದರೆ 15. ಹಿಮ 8 ಇಂಚು ಬಿದ್ದಿದ್ದರೆ ಸ್ನೋಶೂ ಅಥವಾ ಸ್ಕೀ ಕಡ್ಡಾಯ. ಮೌಂಟ್ ಮಾರ್ಸಿ ಇರುವ ಭಾಗದಲ್ಲಿ ಬೆಂಕಿ ಹಾಕುವಂತಿಲ್ಲ, ಏನಿದ್ದರೂ ಸ್ಟೌವ್. ಆ ಕೊರೆಯುವ ಚಳಿಯಲ್ಲಿ ಬೆಂಕಿ ಇಲ್ಲ ಎಂದರೆ ಯಾರಿಗೆ ಸಿಟ್ಟು ಬರುವುದಿಲ್ಲ ಹೇಳಿ!

ಆದರೂ ಸ್ನೋಶೂ ಬಗ್ಗೆ ತಕರಾರು ತೆಗೆಯುವವರ ಜೊತೆ ನಾನಿಲ್ಲ. ಬರೀ ಬೂಟಿನಲ್ಲಿ ನಡೆದರೆ ಕಾಲು ಮೊಣಕಾಲವರೆಗೆ ಹೂತು ದಾರಿಯ ತುಂಬ ಗುಂಡಿಗಳಾಗುತ್ತವೆ. ರಾತ್ರಿ ಅವು ಹೆಪ್ಪುಗಟ್ಟಿದರೆ ಮರುದಿನ ಬರುವವರ ಕಾಲು ಮುರಿಯಲು ಅಷ್ಟೇ ಸಾಕು. ಇನ್ನು ಸ್ಪ್ರೂಸ್ ಮರಗಳ ಕೊಂಬೆಯಡಿ ಹಿಮದೊಳಗೆ ಟೊಳ್ಳು ಇರುತ್ತದೆ, ಹೊರಗೆ ಕಾಣುವುದಿಲ್ಲ. ಅದರಲ್ಲಿ ಎದೆಮಟ್ಟ ಇಳಿದವರು ಒಬ್ಬರೇ ಮೇಲೆ ಬರುವುದು ಸುಲಭವಲ್ಲ. ಬೆಂಕಿಯ ವಿಷಯವೂ ಹಾಗೆಯೇ. ಹಿಮದಲ್ಲಿ ಒಣ ಸೌದೆ ಎಲ್ಲಿಂದ ತರುತ್ತೀರಿ? ಬೆಂಕಿ ನಂಬಿಕೊಂಡು ತೆಳುವಾದ ಸ್ಲೀಪಿಂಗ್ ಬ್ಯಾಗು ತರುವುದು ಅಪಾಯ.

ನನಗೆ ನಿಜಕ್ಕೂ ಭಾರ ಎನಿಸುವುದು ಎಂಟರ ಲೆಕ್ಕ. ನಮ್ಮ ಮೂರು ಸಂಸಾರ ಸೇರಿದರೆ ಹನ್ನೆರಡು ತಲೆ! ಜುಲೈನ ಜನಜಂಗುಳಿಗೆ, ಮೆತ್ತಗಿನ ನೆಲಕ್ಕೆ ಈ ಮಿತಿ ಸರಿ. ಜನವರಿಯಲ್ಲಿ ದಪ್ಪ ಹಿಮದ ಮೇಲೆ ಟೆಂಟು ಹಾಕುವವರಿಗೂ ಅದೇ ಯಾಕೆ? ಅನುಭವಸ್ಥರು ಇಬ್ಬರೇ ಇರುವ ಗುಂಪನ್ನು ಒಡೆದರೆ ಒಂದೊಂದು ಪಾಲಿಗೆ ಒಬ್ಬೊಬ್ಬರು. ಆ ಒಬ್ಬರಿಗೇ ಏಟಾದರೆ ಮಕ್ಕಳ ಗತಿ? ಚಳಿಗಾಲಕ್ಕಾದರೂ ಮಿತಿಯನ್ನು 12ಕ್ಕೆ ಏರಿಸಲಿ. ಇಂಥ ನಿಯಮ ಬದಲಿಸುವಾಗ ರಾಜ್ಯದ ಪರಿಸರ ಇಲಾಖೆ ಸಾರ್ವಜನಿಕರ ಅಭಿಪ್ರಾಯ ಕೇಳುತ್ತದೆ. ಆಗ ನಾವೂ ಬರೆಯೋಣ.

ಅಲ್ಲಿಯವರೆಗೆ "ನಾವು ಬೇರೆ, ಅವರು ಬೇರೆ" ಎಂದು ಪಕ್ಕಪಕ್ಕದಲ್ಲೇ ಟೆಂಟು ಹಾಕುವ ಜಾಣತನ ಬೇಡ. ಎರಡು ಗುಂಪಿಗೂ ಒಂದೇ ಡಬ್ಬಿಯ ಪುಳಿಯೋಗರೆ ಎಂಬುದು ರೇಂಜರ್‌ಗೂ ತಿಳಿಯುತ್ತದೆ! ದೊಡ್ಡ ಗುಂಪಾದರೆ ಹಾರ್ಟ್ ಲೇಕ್ ದಡದಲ್ಲಿ ಅಡಿರಾಂಡ್ಯಾಕ್ ಮೌಂಟನ್ ಕ್ಲಬ್ಬಿನ ವಸತಿಗೃಹವಿದೆ, ಅದು ಖಾಸಗಿ ಜಾಗ. ಅಲ್ಲಿ ತಂಗಿ, ಹಗಲು ಚಿಕ್ಕ ಗುಂಪುಗಳಾಗಿ ಬೇರೆ ಬೇರೆ ದಾರಿ ಹಿಡಿಯಬಹುದು. ಸ್ನೋಶೂ ಮಾತ್ರ ಮರೆಯಬೇಡಿ.