ಪರೀಕ್ಷೆ ಯಾವ ಭಾಷೆಯಲ್ಲಿ ನಡೆಯಿತು?

ಹೊರನಾಡಿನಲ್ಲಿ ನೆಲಸಿದ ಕನ್ನಡಿಗರು ಭಾಷೆಯ ಹಕ್ಕಿನ ಮಾತೆತ್ತಿದಾಗ ಸಾಮಾನ್ಯವಾಗಿ ಪ್ರಸ್ತಾಪಕ್ಕೆ ಬರುವುದು ಶಾಲೆ, ಗ್ರಂಥಾಲಯ, ಸಂಘದ ಕಟ್ಟಡ ಮತ್ತು ರಾಜ್ಯೋತ್ಸವದ ಅನುದಾನ. ಇವೆಲ್ಲ ಬೇಕಾದವೇ. ಆದರೆ ಭಾಷೆಯ ಪ್ರಶ್ನೆ ಮನುಷ್ಯನ ದೇಹವನ್ನೇ ಮುಟ್ಟುವ ಸ್ಥಳವೊಂದಿದೆ. ಅದರ ಬಗ್ಗೆ ನಮ್ಮ ಸಂಘಗಳು ಗಂಭೀರವಾಗಿ ಯೋಚಿಸಿದಂತೆ ಕಾಣುವುದಿಲ್ಲ. ಆ ಸ್ಥಳ ಆಸ್ಪತ್ರೆಯ ಪರೀಕ್ಷಾ ಕೊಠಡಿ. ಕಿವಿ, ಕಣ್ಣು, ಸ್ತನಗಳ ತಪಾಸಣೆಯೆಂದರೆ ಯಂತ್ರದ ಕೆಲಸವೆಂದು ನಾವು ಭಾವಿಸಿದ್ದೇವೆ. ವಾಸ್ತವದಲ್ಲಿ ಇವುಗಳಲ್ಲಿ ಅನೇಕ ಪರೀಕ್ಷೆಗಳು ರೋಗಿಯ ಉತ್ತರವನ್ನು ಅವಲಂಬಿಸಿವೆ. ಉತ್ತರ ಬೇಡುವ ಪರೀಕ್ಷೆ ಅಂಗದ ಜೊತೆಗೆ ಭಾಷೆಯನ್ನೂ ಅಳೆಯುತ್ತದೆ. ರೋಗಿಗೆ ಸರಿಯಾಗಿ ಬಾರದ ಭಾಷೆಯಲ್ಲಿ ಪರೀಕ್ಷೆ ನಡೆಸಿ, ಬಂದ ಅಂಕಿಯನ್ನು ರೋಗದ ಪ್ರಮಾಣವೆಂದು ಬರೆದುಕೊಳ್ಳುವುದು ವಿಜ್ಞಾನಕ್ಕೂ ನ್ಯಾಯಕ್ಕೂ ಸಲ್ಲದು ಎಂಬುದೇ ಇಲ್ಲಿನ ವಾದ.

ಭೋರ್ ಪಟ್ಟಣವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಪಂತ ಸಚಿವರ ಸಂಸ್ಥಾನದ ರಾಜಧಾನಿಯಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದೊಡನೆ ವಿಲೀನಗೊಂಡ ಈ ಊರು ಈಗ ಪುಣೆ ಜಿಲ್ಲೆಯ ದಕ್ಷಿಣ ಭಾಗದ ತಾಲೂಕು ಕೇಂದ್ರ. ಅಕ್ಕಲಕೋಟೆ ಅಥವಾ ಜತ್ತದಂತೆ ಇದು ಕನ್ನಡದ ಹಳೆಯ ನೆಲೆಯಲ್ಲ. ಪುಣೆ-ಬೆಂಗಳೂರು ಹೆದ್ದಾರಿಗೆ ಸಮೀಪವಿರುವ ಇಂಥ ಊರುಗಳಿಗೆ ಕನ್ನಡಿಗರು ಬರುವುದು ಹೋಟೆಲಿಗೆ, ಬ್ಯಾಂಕಿಗೆ, ಸರ್ಕಾರಿ ನೌಕರಿಗೆ, ಕಟ್ಟಡದ ಕೂಲಿಗೆ. ದುಡಿಯಲು ಬಂದವನು ವರ್ಷ ಎರಡು ವರ್ಷಗಳಲ್ಲಿ ಮರಾಠಿ ಕಲಿಯುತ್ತಾನೆ. ಎಪ್ಪತ್ತರ ವಯಸ್ಸಿನಲ್ಲಿ ಊರ ಮನೆಗೆ ಬೀಗ ಹಾಕಿ ಮಗನ ಬಳಿಗೆ ಬಂದ ತಾಯಿ ಕಲಿಯುವುದು ಕಷ್ಟ. ಕಿವಿ ಮಂದವಾಗುವುದು, ಕಣ್ಣಿಗೆ ಪೊರೆ ಬರುವುದು ಆ ವಯಸ್ಸಿನಲ್ಲಿಯೇ. ಸುತ್ತಲೂ ತನ್ನ ಭಾಷೆ ಇಲ್ಲದ ಕಾಲದಲ್ಲಿಯೇ ಆಕೆ ಪರೀಕ್ಷೆಗೆ ಕೂಡಬೇಕಾಗುತ್ತದೆ.

ಮೊದಲು ಕಿವಿಯ ವಿಷಯ. ನವಜಾತ ಶಿಶುವಿನ ಶ್ರವಣ ತಪಾಸಣೆಗೆ ಮಾತು ಬೇಕಿಲ್ಲ. ಒಳಗಿವಿಯೇ ಹೊರಡಿಸುವ ಕ್ಷೀಣ ಧ್ವನಿಯನ್ನು 1978ರಲ್ಲಿ ಡೇವಿಡ್ ಕೆಂಪ್ ಪತ್ತೆ ಹಚ್ಚಿದ ಮೇಲೆ, ನಿದ್ರಿಸುವ ಕೂಸನ್ನೂ ಪರೀಕ್ಷಿಸುವುದು ಸಾಧ್ಯವಾಯಿತು. ವಯಸ್ಕರ ಪರೀಕ್ಷೆ ಹಾಗಲ್ಲ. ಶುದ್ಧ ಸ್ವರಗಳನ್ನು ಕೇಳಿಸಿ ಆಡಿಯೋಗ್ರಾಂ ಬರೆಯುವಾಗಲೂ, ಶಬ್ದ ಎಷ್ಟೇ ಸಣ್ಣದಾಗಿ ಕೇಳಿಸಿದರೂ ಬೆರಳೆತ್ತಬೇಕು ಎಂಬ ಸೂಚನೆ ರೋಗಿಗೆ ಅರ್ಥವಾಗಿರಬೇಕು. ಅದರ ಮುಂದಿನ ಹಂತದಲ್ಲಿ ಪದಗಳನ್ನು ಕೇಳಿಸಿ, ರೋಗಿ ಎಷ್ಟನ್ನು ಸರಿಯಾಗಿ ಮರುನುಡಿದ ಎಂದು ಶೇಕಡಾವಾರು ಲೆಕ್ಕ ಹಾಕುತ್ತಾರೆ. ಶ್ರವಣ ಸಾಧನದಿಂದ ಎಷ್ಟು ಪ್ರಯೋಜನವಾದೀತು ಎಂದು ಅಂದಾಜು ಮಾಡುವಾಗ ಈ ಅಂಕಿಗೆ ಬೆಲೆಯಿದೆ. ಆ ಪದಗಳು ಯಾವ ಭಾಷೆಯವು?

ಇದು ಹುರುಳಿಲ್ಲದ ತಕರಾರಲ್ಲ. ಕನ್ನಡದ ಪದಗಳು ಬಹುಪಾಲು ಸ್ವರಾಂತವಾದವು. ಮರಾಠಿಯಲ್ಲಿ ವ್ಯಂಜನದಲ್ಲಿ ಮುಗಿಯುವ ಪದಗಳು ಹೇರಳ. ಬೆಳೆ ಮತ್ತು ಬೇಳೆ, ಕೊಡು ಮತ್ತು ಕೋಡು ಎಂಬ ಹ್ರಸ್ವ ದೀರ್ಘಗಳ ಭೇದ ನಮ್ಮಲ್ಲಿ ಅರ್ಥವನ್ನೇ ಬದಲಿಸುತ್ತದೆ. ಮರಾಠಿಯಲ್ಲಿ ಎ, ಒ ಸ್ವರಗಳಿಗೆ ಆ ಭೇದವಿಲ್ಲ. ಮರಾಠಿಯ ಎರಡು ಬಗೆಯ ಚಕಾರ ಜಕಾರಗಳು ನಮ್ಮ ಹಿರಿಯರ ಕಿವಿಗೆ ಒಂದೇ. ಇಂಗ್ಲಿಷಿನಲ್ಲಿ ಇಂಥ ಪಟ್ಟಿಗಳನ್ನು ಒಂದೇ ಉಚ್ಚಾರಾಂಶದ ಪದಗಳಿಂದ ಕಟ್ಟುತ್ತಾರೆ. ಕನ್ನಡದಲ್ಲಿ ಅಂಥ ಪದಗಳೇ ವಿರಳ. ಆದುದರಿಂದಲೇ 1965ರಲ್ಲಿ ಸ್ಥಾಪಿತವಾದ ಮೈಸೂರಿನ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಯಲ್ಲಿ ಕನ್ನಡಕ್ಕೆಂದೇ ಪ್ರತ್ಯೇಕ ಸಂಶೋಧನೆ ನಡೆಯಿತು. ಆಶಾ ಯತಿರಾಜ್ ಮತ್ತು ವಿಜಯಲಕ್ಷ್ಮಿ ಅವರು 2005ರಲ್ಲಿ ಎರಡು ಉಚ್ಚಾರಾಂಶಗಳ ಪದಗಳಿಂದ, ಧ್ವನಿಗಳ ಸಮತೋಲ ಕಾಯ್ದ ಕನ್ನಡ ಪಟ್ಟಿಯನ್ನು ಸಿದ್ಧಪಡಿಸಿದರು. ಮುಂಬಯಿಯಲ್ಲಿ 1983ರಿಂದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆ ಇದೇ ಕ್ಷೇತ್ರದಲ್ಲಿ ದುಡಿಯುತ್ತಿದೆ. ಎರಡೂ ಕೇಂದ್ರ ಸರ್ಕಾರದ ಹಣದಿಂದ ನಡೆಯುವ ಸಂಸ್ಥೆಗಳು. ಹೀಗಿದ್ದೂ ಮೈಸೂರಿನ ಪದಪಟ್ಟಿ ಹೊರನಾಡಿನ ಕನ್ನಡಿಗನ ಕಿವಿಯನ್ನು ತಲಪುವ ವ್ಯವಸ್ಥೆಯನ್ನು ಯಾರು ಮಾಡಿದ್ದಾರೆ?

ಕಣ್ಣಿನ ವೈದ್ಯರು ಈ ತೊಡಕನ್ನು ಬಹಳ ಹಿಂದೆಯೇ ಗುರುತಿಸಿದ್ದರು. 1862ರಲ್ಲಿ ಸ್ನೆಲನ್ ರಚಿಸಿದ ಫಲಕದಲ್ಲಿ ರೋಮನ್ ಅಕ್ಷರಗಳಿದ್ದವು. ಆ ಅಕ್ಷರ ಬಾರದವನ ದೃಷ್ಟಿಯನ್ನು ಅದು ಅಳೆಯಲಾರದು. 1888ರಲ್ಲಿ ಲ್ಯಾಂಡೋಲ್ಟ್ ಬಾಯಿ ತೆರೆದ ಬಳೆಯಂಥ ಚಿಹ್ನೆಯನ್ನು ತಂದನು. ಬಳೆಯ ಬಾಯಿ ಯಾವ ಕಡೆಗಿದೆಯೆಂದು ಕೈಯಿಂದ ತೋರಿಸಿದರೆ ಸಾಕು, ಓದು ಬೇಡ. ನಾಲ್ಕು ದಿಕ್ಕಿಗೆ ತಿರುಗಿಸಿದ ‘ಇ’ ಅಕ್ಷರದ ಫಲಕವೂ ಇದೇ ಬಗೆಯದು. ಇಷ್ಟಾದರೂ ಕನ್ನಡಕದ ಗಾಜು ಬದಲಿಸುತ್ತ ‘ಇದು ಸ್ಪಷ್ಟವೋ, ಮೊದಲಿನದು ಸ್ಪಷ್ಟವೋ’ ಎಂದು ಕೇಳುವಾಗ ಮಾತು ಬೇಕೇ ಬೇಕು. ಅಲ್ಲಿ ಸಂಕೋಚದಿಂದ ತಲೆಯಾಡಿಸಿದ ಮುದುಕಿ ತಪ್ಪು ಕನ್ನಡಕವನ್ನು ಮನೆಗೆ ತರುತ್ತಾಳೆ.

ಸ್ತನದ ತಪಾಸಣೆಯ ವಿಷಯ ಇನ್ನೂ ಸೂಕ್ಷ್ಮ. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆ 1998ರಲ್ಲಿ ಆರಂಭಿಸಿದ ಪ್ರಯೋಗ ನಮ್ಮ ದೇಶದ ದೊಡ್ಡ ವೈದ್ಯಕೀಯ ಸಂಶೋಧನೆಗಳಲ್ಲಿ ಒಂದು. 35ರಿಂದ 64 ವಯಸ್ಸಿನ 1,51,538 ಮಹಿಳೆಯರನ್ನು 20 ವಸತಿ ಸಮೂಹಗಳಲ್ಲಿ ವಿಂಗಡಿಸಲಾಯಿತು. ಅರ್ಧದಷ್ಟು ಸಮೂಹಗಳಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ, ನಾಲ್ಕು ಸುತ್ತು, ಕೈಯಿಂದಲೇ ಪರೀಕ್ಷಿಸಿದರು. ಕ್ಯಾನ್ಸರಿನ ಬಗ್ಗೆ ತಿಳಿವಳಿಕೆಯನ್ನೂ ಕೊಟ್ಟರು. 2021ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಫಲಿತಾಂಶ ಪ್ರಕಟವಾಯಿತು. ಪರೀಕ್ಷೆಗೊಳಗಾದವರಲ್ಲಿ ರೋಗ ಮುಂದುವರಿಯುವ ಮೊದಲೇ ಪತ್ತೆಯಾಗುವುದು ಹೆಚ್ಚಿತು. 50 ದಾಟಿದವರಲ್ಲಿ ಸ್ತನ ಕ್ಯಾನ್ಸರಿನ ಮರಣ ಸುಮಾರು ಶೇ. 30ರಷ್ಟು ಇಳಿಯಿತು. ಎಲ್ಲ ವಯಸ್ಸಿನವರನ್ನೂ ಸೇರಿಸಿದಾಗ ಕಂಡ ಶೇ. 15ರ ಇಳಿಕೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಖಚಿತವಲ್ಲ. 50ರೊಳಗಿನವರಲ್ಲಿ ಮರಣ ಇಳಿದದ್ದು ಕಂಡುಬರಲಿಲ್ಲ.

ಇದರಿಂದ ಎರಡು ಪಾಠಗಳಿವೆ. ದುಬಾರಿ ಯಂತ್ರವಿಲ್ಲದೆಯೂ, ತರಬೇತಾದ ಹೆಣ್ಣಿನ ಕೈಯಿಂದ ಐವತ್ತು ದಾಟಿದ ಹೆಂಗಸಿನ ಜೀವ ಉಳಿದೀತು. ಆದರೆ ಆ ಕೈ ಮುಟ್ಟುವುದಕ್ಕೆ ಮೊದಲು ನಂಬಿಕೆ ಹುಟ್ಟಿಸುವ ಮಾತು ಬೇಕು. ಗಂಟು ಯಾವಾಗ ಕಂಡಿತು, ತೊಟ್ಟಿನಿಂದ ಸ್ರಾವವಿದೆಯೇ ಎಂಬ ಪ್ರಶ್ನೆಗಳಿಗೆ ನಮ್ಮ ತಾಯಂದಿರು ಮನೆಮಾತಿನಲ್ಲಿ ಉತ್ತರಿಸಲೂ ನಾಚುತ್ತಾರೆ. ಮಗನನ್ನೋ ಅಳಿಯನನ್ನೋ ದುಭಾಷಿಯಾಗಿ ನಿಲ್ಲಿಸಿಕೊಂಡು ಅನ್ಯಭಾಷೆಯಲ್ಲಿ ಉತ್ತರಿಸಬೇಕಾದಾಗ ‘ಏನೂ ಇಲ್ಲ’ ಎಂದುಬಿಡುತ್ತಾರೆ. ವರದಿಯಲ್ಲಿಯೂ ಹಾಗೆಯೇ ದಾಖಲಾಗುತ್ತದೆ.

‘ನೆಲದ ಭಾಷೆ ಕಲಿಯಿರಿ, ಸಮಸ್ಯೆ ತೀರುತ್ತದೆ’ ಎನ್ನುವವರಿದ್ದಾರೆ. ಕಲಿಯಬೇಕು, ನಿಜ, ಕಲಿತೂ ಇದ್ದೇವೆ. ಆದರೆ ತಡವಾಗಿ ಕಲಿತ ಭಾಷೆ ಗದ್ದಲದ ನಡುವೆ ಬೇಗ ಕೈಕೊಡುತ್ತದೆ. ಸ್ಪ್ಯಾನಿಷ್ ಮನೆಮಾತಿನವರನ್ನು ಇಂಗ್ಲಿಷಿನಲ್ಲಿ ಪರೀಕ್ಷಿಸಿದ 1997ರ ಅಮೆರಿಕದ ಅಧ್ಯಯನವೊಂದು, ಪ್ರಾಯಕ್ಕೆ ಬಂದ ಮೇಲೆ ಆ ಭಾಷೆ ಕಲಿತವರು ಸದ್ದಿನ ನಡುವೆ ಮಾತು ಗ್ರಹಿಸಲು ಹೆಚ್ಚು ಸೋಲುತ್ತಾರೆಂದು ತೋರಿಸಿತು. ಅವರ ಕಿವಿಯಲ್ಲಿ ದೋಷವಿರಲಿಲ್ಲ. ಮಂದವಾದ ಕಿವಿಗೆ ಈ ಹೊರೆಯೂ ಸೇರಿದರೆ ಗತಿಯೇನು? ಇಲ್ಲಿ ನಾವು ಬೇಡುವುದು ಕನ್ನಡಕ್ಕೆ ಮಾತ್ರ ಮೀಸಲಾದ ಸೌಲಭ್ಯವೂ ಅಲ್ಲ. ಬೆಳಗಾವಿಯ ಆಸ್ಪತ್ರೆಯಲ್ಲಿ ಮರಾಠಿ ಮಾತ್ರ ಬಲ್ಲ ಅಜ್ಜಿಯನ್ನು ಕನ್ನಡ ಪದಗಳಿಂದ ಪರೀಕ್ಷಿಸುವುದೂ ಅಷ್ಟೇ ಅನ್ಯಾಯ. ಅಲ್ಲಿ ಮೌನ ವಹಿಸಿ ಇಲ್ಲಿ ಹಕ್ಕು ಕೇಳುವ ನೈತಿಕತೆ ನಮಗಿಲ್ಲ.

ಭಾಷಾ ಅಲ್ಪಸಂಖ್ಯಾತರ ಸೌಲಭ್ಯಗಳನ್ನು ಆಡಳಿತ ಶೇಕಡಾವಾರಿನಲ್ಲಿ ಅಳೆಯುತ್ತದೆ: ಜಿಲ್ಲೆ ಅಥವಾ ತಾಲೂಕಿನಲ್ಲಿ ಶೇ. 15ರಷ್ಟಿದ್ದರೆ ಮುಖ್ಯ ಪ್ರಕಟಣೆಗಳು ಅವರ ಭಾಷೆಯಲ್ಲಿ. ಭೋರಿನಲ್ಲಿ ನಾವು ಆ ಲೆಕ್ಕಕ್ಕೆ ಬರುವವರಲ್ಲ. ಆದರೆ ಪರೀಕ್ಷಾ ಕೊಠಡಿಗೆ ಶೇಕಡಾವಾರು ಬರುವುದಿಲ್ಲ. ಒಬ್ಬೊಬ್ಬ ರೋಗಿ ಬರುತ್ತಾನೆ. ಹೊಸ ಔಷಧಗಳ ಪ್ರಯೋಗಕ್ಕೆ ಒಳಗಾಗುವವನಿಗೆ ಅರ್ಥವಾಗುವ ಭಾಷೆಯಲ್ಲಿಯೇ ಮಾಹಿತಿ ಕೊಟ್ಟು ಒಪ್ಪಿಗೆ ಪಡೆಯಬೇಕೆಂದು 2019ರ ನಿಯಮಗಳು ಹೇಳುತ್ತವೆ. ಪ್ರಯೋಗಕ್ಕೆ ಇರುವ ಈ ಎಚ್ಚರ ದಿನನಿತ್ಯದ ತಪಾಸಣೆಗೇಕೆ ಬೇಡ? ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಇದಕ್ಕೆ ತೋರುವ ಮೊದಲ ಪರಿಹಾರ ಅತ್ಯಂತ ಅಗ್ಗದ್ದು: ಪ್ರತಿಯೊಂದು ವರದಿಯಲ್ಲಿಯೂ ‘ಪರೀಕ್ಷೆ ನಡೆದ ಭಾಷೆ’ ಎಂಬ ಒಂದು ಕಲಮು. ಅದನ್ನು ತುಂಬಬೇಕಾದ ದಿನ, ತಂತ್ರಜ್ಞ ರೋಗಿಯ ಮನೆಮಾತನ್ನು ಕೇಳಲೇಬೇಕಾಗುತ್ತದೆ.

ಉಳಿದ ಕೆಲಸ ನಮ್ಮದು. ನಮ್ಮ ಸಂಘಗಳು ಆರೋಗ್ಯ ಶಿಬಿರ ನಡೆಸುತ್ತವೆ. ಬ್ಯಾನರು, ಹಾರ, ಛಾಯಾಚಿತ್ರ ಎಲ್ಲವೂ ಇರುತ್ತವೆ. ರೋಗಿಯ ಪಕ್ಕದಲ್ಲಿ ಕೂತು ಕನ್ನಡದಲ್ಲಿ ವಿವರಿಸುವ ಒಬ್ಬ ಮಹಿಳೆ ಇರುತ್ತಾಳೆಯೇ? ಮೈಸೂರಿನ ಸಂಸ್ಥೆಗೆ ಪತ್ರ ಬರೆದು ಕನ್ನಡ ಪದಪಟ್ಟಿಯ ಧ್ವನಿಮುದ್ರಣವನ್ನು ನಮ್ಮ ಜಿಲ್ಲೆಯ ಶ್ರವಣ ತಜ್ಞರಿಗೆ ಒದಗಿಸಿಕೊಡಿ ಎಂದು ಎಷ್ಟು ಸಂಘಗಳು ಕೇಳಿವೆ? ಆರತಿ, ಹಾಡು, ಭಾಷಣಗಳಿಗೆ ಸ್ವಯಂಸೇವಕರು ದೊರೆಯುವ ಸಂಘಕ್ಕೆ, ತಿಂಗಳಿಗೊಂದು ದಿನ ಆಸ್ಪತ್ರೆಗೆ ಜೊತೆಯಾಗಿ ಹೋಗುವ ನಾಲ್ಕು ಜನ ದೊರೆಯಲಾರರೇ? ಮುಂದಿನ ಶಿಬಿರದ ಕರಪತ್ರ ಅಚ್ಚಿಗೆ ಹೋಗುವ ಮೊದಲು ಕಾರ್ಯಕಾರಿ ಸಮಿತಿಗಳು ಈ ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಲಿ.