ಪಾಚಿಗೆ ಮದ್ದು ಸೀಸೆಯಲ್ಲಿಲ್ಲ

ಉಪ್ಪುನೀರಿನ ಗಾಜಿನ ತೊಟ್ಟಿಯಲ್ಲಿ ಹವಳವನ್ನೂ ಕಡಲ ಮೀನನ್ನೂ ಸಾಕುವ ಹವ್ಯಾಸವು ನಮ್ಮ ನಗರಗಳ ಮನೆಗಳಿಗೂ ಕಾಲಿಟ್ಟಿರುವ ಈ ಕಾಲದಲ್ಲಿ, ಅದಕ್ಕೆ ಕೈಹಾಕಿದ ಅನೇಕರನ್ನು ಮೊದಲ ವರ್ಷದಲ್ಲಿಯೇ ಧೃತಿಗೆಡಿಸಿ, ಅಪಾರ ವೆಚ್ಚದಿಂದ ಅಣಿಗೊಳಿಸಿದ ತೊಟ್ಟಿಯನ್ನು ಬರಿದುಮಾಡಿ ಮೂಲೆಗಿಡುವಂತೆ ಮಾಡುತ್ತಿರುವುದು ಪಾಚಿಯ ಉಪದ್ರವ. ಬಂಡೆಗಳ ಮೇಲೆ ಹಸಿರು ಕೂದಲಿನಂಥ ಎಳೆಗಳು ಎದ್ದು, ಅವುಗಳ ನಡುವೆ ಸಣ್ಣ ಗಾಳಿಗುಳ್ಳೆಗಳು ಸಿಕ್ಕಿಕೊಂಡು, ಪಕ್ಕದ ಹವಳವು ತನ್ನ ಪುಟ್ಟ ಬಾಹುಗಳನ್ನು ಒಳಗೆಳೆದುಕೊಂಡು ಮುದುಡುವುದನ್ನು ಕಂಡ ಗೃಹಸ್ಥನು ಅಂಗಡಿಗೆ ಧಾವಿಸುವುದೂ, ಅಂಗಡಿಯವರು ಪಾಚಿನಾಶಕದ ಸೀಸೆಯೊಂದನ್ನು ಅವನ ಕೈಗಿಡುವುದೂ ವಾಡಿಕೆಯಾಗಿಬಿಟ್ಟಿದೆ. ಈ ವಾಡಿಕೆಯು ತಪ್ಪೆಂದೂ, ಪಾಚಿಯನ್ನು ಕೊಲ್ಲುವ ಮುನ್ನ ಅದಕ್ಕೆ ಅನ್ನವಿಕ್ಕುತ್ತಿರುವವರು ಯಾರೆಂದು ವಿಚಾರಿಸುವುದೇ ಹವ್ಯಾಸಿಯ ಪ್ರಥಮ ಕರ್ತವ್ಯವೆಂದೂ ನಾನು ದೃಢವಾಗಿ ನಂಬಿದ್ದೇನೆ.

ಅನ್ನವಿಕ್ಕುತ್ತಿರುವವರು ನಾವೇ. ಮೀನುಗಳು ಉಂಡು ಮಿಕ್ಕುದೂ ಉಂಡು ವಿಸರ್ಜಿಸಿದುದೂ ನೀರಿನಲ್ಲಿ ಕೊಳೆತು, ಮೊದಲು ಅಮೋನಿಯವಾಗಿ, ಬ್ಯಾಕ್ಟೀರಿಯಗಳ ಕಾರ್ಯದಿಂದ ನೈಟ್ರೈಟ್ ಆಗಿ, ಕಡೆಗೆ ನೈಟ್ರೇಟ್ ಆಗಿ ಸಂಚಯಗೊಳ್ಳುತ್ತದೆ; ಅದರ ಜತೆಯಲ್ಲಿಯೇ ಫಾಸ್ಫೇಟ್ ಸಹ ಏರುತ್ತದೆ. ಹೆಪ್ಪುಗಟ್ಟಿಸಿದ ಸೀಗಡಿ ಆಹಾರದ ತುಂಡನ್ನು ಲೋಟದಲ್ಲಿ ಕರಗಿಸಿ, ಆ ಕದಡಿದ ನೀರಿನ ಸಮೇತ ತೊಟ್ಟಿಗೆ ಸುರಿಯುವವನು, ಚಹಾ ಸೋಸುವ ಜಾಲರಿಯಲ್ಲಿ ಅದನ್ನೊಮ್ಮೆ ತೊಳೆದಿದ್ದರೆ ತಡೆಯಬಹುದಾಗಿದ್ದ ಪೋಷಕಾಂಶವನ್ನು ತಾನೇ ಪಾಚಿಗೆ ಒಪ್ಪಿಸುತ್ತಾನೆ. ಆವಿಯಾಗಿ ಹೋದ ನೀರಿಗೆ ಬದಲಾಗಿ ಕೊಳವೆಬಾವಿಯ ನೀರನ್ನೋ ನಲ್ಲಿಯ ನೀರನ್ನೋ ತುಂಬುವವನು ಅದರೊಳಗಿನ ನೈಟ್ರೇಟನ್ನೂ ಸಿಲಿಕೇಟನ್ನೂ ದಿನದಿನಕ್ಕೆ ತೊಟ್ಟಿಯಲ್ಲಿ ಕೂಡಿಹಾಕುತ್ತಾನೆ. ಇಲ್ಲೊಂದು ಸೂಕ್ಷ್ಮವುಂಟು: ಪಾಚಿಯು ದಟ್ಟವಾಗಿ ಬೆಳೆದಿರುವಾಗಲೇ ನೀರಿನ ಪರೀಕ್ಷೆಯಲ್ಲಿ ಫಾಸ್ಫೇಟ್ ಶೂನ್ಯವೆಂದು ಕಾಣುವುದುಂಟು, ಏಕೆಂದರೆ ನೀರಿಗೆ ಬಂದುದನ್ನೆಲ್ಲ ಪಾಚಿಯು ಆ ಕ್ಷಣವೇ ಹೀರಿಕೊಂಡಿರುತ್ತದೆ, ಸುಣ್ಣದ ಬಂಡೆಗಳು ತಾವು ಹಿಂದೆ ಹೀರಿಟ್ಟುಕೊಂಡ ಫಾಸ್ಫೇಟನ್ನು ತಿಂಗಳುಗಟ್ಟಲೆ ಮೆಲ್ಲಮೆಲ್ಲನೆ ಬಿಟ್ಟುಕೊಡುತ್ತಲೂ ಇರುತ್ತವೆ.

ಇಂತಹ ಸ್ಥಿತಿಯಲ್ಲಿ ಸೀಸೆಯ ಮದ್ದನ್ನು ಸುರಿದರೆ ಆಗುವುದೇನು? ಪಾಚಿಯು ಒಮ್ಮೆಲೇ ಸತ್ತು ಕೊಳೆಯುತ್ತದೆ. ಕೊಳೆಯುವಿಕೆಯು ನೀರಿನ ಆಮ್ಲಜನಕವನ್ನು ಕಬಳಿಸುತ್ತದೆ. ಅದರ ದೇಹದಲ್ಲಿ ಬಂಧಿತವಾಗಿದ್ದ ಪೋಷಕಾಂಶವೆಲ್ಲ ಮರಳಿ ನೀರಿಗೆ ಬಂದು ಮುಂದಿನ ಪಾಚಿಯ ಪೀಳಿಗೆಗೆ ಆಹಾರವಾಗುತ್ತದೆ. ಕೆಂಪು ಲೋಳೆಯೆಂದು ಕರೆಯುವ ಸಯನೋಬ್ಯಾಕ್ಟೀರಿಯವನ್ನು ಎರಿತ್ರೋಮೈಸಿನ್ ಎಂಬ ಪ್ರತಿಜೈವಿಕದಿಂದ ಅಳಿಸುವವರು ತೊಟ್ಟಿಯ ಉಪಕಾರಿ ಬ್ಯಾಕ್ಟೀರಿಯಗಳನ್ನೂ ಅಪಾಯಕ್ಕೊಡ್ಡುತ್ತಾರೆ. ಗರಿಯಾಕಾರದ ಬ್ರಯಾಪ್ಸಿಸ್‌ನಂತಹ ಹಠಮಾರಿ ಪಾಚಿಗೆ ಔಷಧವು ಕೊನೆಯ ಉಪಾಯವಾಗಬಹುದೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಹಾರದ ಮೂಲವನ್ನು ಮುಚ್ಚದೆ ಔಷಧವನ್ನು ಹಾಕುವವನು ಒಂದು ಕೈಯಿಂದ ಗೊಬ್ಬರವನ್ನು ಚೆಲ್ಲುತ್ತ ಇನ್ನೊಂದು ಕೈಯಿಂದ ಕಳೆ ಕೀಳುವ ಒಕ್ಕಲಿಗನಂತೆ ವ್ಯರ್ಥವಾಗಿ ದಣಿಯುತ್ತಾನೆ.

ಕಡಲಿನಲ್ಲಿ ಪಾಚಿಯನ್ನು ಹತೋಟಿಯಲ್ಲಿಡುವವರು ಅದನ್ನು ಮೇಯುವ ಜೀವಿಗಳು. 1983ರಲ್ಲಿ ಕೆರಿಬಿಯನ್ ಸಮುದ್ರದಲ್ಲಿ ಹಬ್ಬಿದ ರೋಗವೊಂದು, ಮೈತುಂಬ ಉದ್ದನೆಯ ಕರಿಮುಳ್ಳುಗಳುಳ್ಳ ಡಯಡೀಮ ಎಂಬ ಕಂಟಕಚರ್ಮಿಗಳನ್ನು ಒಂದೇ ವರ್ಷದೊಳಗೆ ಬಹುಮಟ್ಟಿಗೆ ನಿರ್ನಾಮಗೊಳಿಸಿತು. ಪಾಚಿಯನ್ನು ಮೇಯುವ ಮೀನುಗಳು ಅತಿಯಾದ ಬೇಟೆಯಿಂದ ಮೊದಲೇ ಕ್ಷೀಣಿಸಿದ್ದ, 1980ರ ಚಂಡಮಾರುತದಿಂದ ಜರ್ಜರಿತವಾಗಿದ್ದ ಜಮೈಕಾದ ತೀರದಲ್ಲಿ, 1970ರ ದಶಕದ ಕೊನೆಗೆ ಕಡಲಡಿಯ ದಿಬ್ಬಗಳ ಅರ್ಧಭಾಗವನ್ನು ಆವರಿಸಿದ್ದ ಹವಳವು 1990ರ ದಶಕದ ಆರಂಭಕ್ಕೆ ಶೇಕಡ 5ಕ್ಕಿಂತಲೂ ಕೆಳಗಿಳಿದು, ಆ ಸ್ಥಾನವನ್ನೆಲ್ಲ ಪಾಚಿಯು ಆಕ್ರಮಿಸಿತು. ಮೇಯುವವರಿಲ್ಲದ ಮಹಾಸಾಗರದ ಗತಿಯೇ ಇದಾದರೆ, ಇನ್ನೂರು ಲೀಟರಿನ ತೊಟ್ಟಿಯ ಗತಿಯನ್ನು ಹೇಳಬೇಕೆ?

ಆದುದರಿಂದ ಮಾಡತಕ್ಕುದು ಇಷ್ಟು: ಆವಿಯಾದುದಕ್ಕೆ ಬದಲಾಗಿ ಲವಣಗಳನ್ನೆಲ್ಲ ಕಳೆದು ಶುದ್ಧಗೊಳಿಸಿದ ನೀರನ್ನೇ ತುಂಬಬೇಕು, ಮೀನುಗಳು ಕೆಲವು ನಿಮಿಷಗಳಲ್ಲಿ ತಿಂದು ಮುಗಿಸುವಷ್ಟನ್ನೇ ಹಾಕಬೇಕು, ಕಶ್ಮಲವನ್ನು ಕೊಳೆಯುವ ಮೊದಲೇ ನೊರೆಯಾಗಿ ಹೊರಹಾಕುವ ಪ್ರೋಟೀನ್ ಸ್ಕಿಮ್ಮರನ್ನು ಶುಚಿಯಾಗಿಡಬೇಕು, ಬಂಡೆಯನ್ನು ಹೊರತೆಗೆದು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ಎಳೆಗಳನ್ನು ಕೈಯಿಂದಲೇ ಕಿತ್ತು, ಆ ಬಳಿಕ ಟರ್ಬೋ ಬಸವನಹುಳುಗಳನ್ನು ಮೇಯಲು ಬಿಡಬೇಕು. ಪಕ್ಕದ ಸಣ್ಣ ತೊಟ್ಟಿಯಲ್ಲಿ ಕೀಟೊಮಾರ್ಫ ಎಂಬ ನಿರುಪದ್ರವಿ ಪಾಚಿಯನ್ನು ಬೆಳೆಸಿ ಕೊಯ್ಯುತ್ತಿದ್ದರೆ, ದುಷ್ಟ ಪಾಚಿಗೆ ಸಲ್ಲುತ್ತಿದ್ದ ಆಹಾರವು ಅದರೊಡನೆಯೇ ಹೊರಬೀಳುತ್ತದೆ. ಆದರೆ ಉತ್ಸಾಹದ ಭರದಲ್ಲಿ ಪೋಷಕಾಂಶವನ್ನು ಸಂಪೂರ್ಣ ಶೂನ್ಯಕ್ಕಿಳಿಸಲು ಹೊರಡುವುದೂ ಅವಿವೇಕವೇ. ಹವಳದ ಅಂಗಾಂಶದೊಳಗೆ ನೆಲೆಸಿ ಅದಕ್ಕೆ ಆಹಾರವೊದಗಿಸುವುದು ಕೂಡ ಒಂದು ಬಗೆಯ ಸೂಕ್ಷ್ಮ ಪಾಚಿಯೇ. ಅದನ್ನು ಉಪವಾಸ ಕೆಡವಿದರೆ ಹವಳವು ಬಿಳಿಚಿಕೊಳ್ಳುತ್ತದೆ, ಬರಿದಾದ ಬಂಡೆಯ ಮೇಲೆ ಡೈನೋಫ್ಲಾಜೆಲೇಟ್ ಎಂಬ ಕಂದು ಲೋಳೆಯು ಹರಡುತ್ತದೆ, ಅದರ ಕೆಲವು ಜಾತಿಗಳಂತೂ ಮೇಯುವ ಬಸವನಹುಳುಗಳಿಗೇ ವಿಷಪ್ರಾಯವಾಗುತ್ತವೆ.

ಕಿತ್ತ ಪಾಚಿಯನ್ನು ಎಲ್ಲಿ ಹಾಕುತ್ತೇವೆಂಬುದೂ ಸಾಮಾನ್ಯ ಪ್ರಶ್ನೆಯಲ್ಲ. ಅಕ್ವೇರಿಯಂಗಳಲ್ಲಿ ಬೆಳೆಸುತ್ತಿದ್ದ ಕೌಲರ್ಪ ಟ್ಯಾಕ್ಸಿಫೋಲಿಯ ಎಂಬ ಪಾಚಿಯ ಪುಟ್ಟ ಹಾಸೊಂದು 1984ರಲ್ಲಿ ಮೊನಾಕೊದ ಸಾಗರ ವಸ್ತುಸಂಗ್ರಹಾಲಯದ ಬುಡದಲ್ಲಿ ಕಾಣಿಸಿಕೊಂಡು, ಕಾಲಕ್ರಮದಲ್ಲಿ ಮೆಡಿಟರೇನಿಯನ್ ತೀರದ ಹಲವು ದೇಶಗಳಿಗೆ ಹರಡಿತು. 2000ದಲ್ಲಿ ಕ್ಯಾಲಿಫೋರ್ನಿಯದ ಹಿನ್ನೀರೊಂದರಲ್ಲಿ ಕಂಡ ಅದೇ ಪಾಚಿಯನ್ನು ಟಾರ್ಪಾಲಿನ ಕೆಳಗೆ ಕ್ಲೋರಿನ್ ಹಾಯಿಸಿ ನಿರ್ಮೂಲಗೊಳಿಸಿದೆವೆಂದು ಘೋಷಿಸಲು 2006ರವರೆಗೆ ಶ್ರಮಿಸಬೇಕಾಯಿತು. ಭಟ್ಕಳದ ಎದುರಿನ ನೇತ್ರಾಣಿ ದ್ವೀಪದ ಸುತ್ತ ಹವಳವನ್ನು ಪಡೆದಿರುವ ನಾವು, ತೊಟ್ಟಿಯ ಪಾಚಿಯನ್ನು ಚರಂಡಿಗೂ ಕಡಲಿಗೂ ಎಸೆಯದೆ ಚೆನ್ನಾಗಿ ಒಣಗಿಸಿ ಕಸಕ್ಕೆ ಹಾಕುವ ಶಿಸ್ತನ್ನು ಬೆಳೆಸಿಕೊಳ್ಳಲೇಬೇಕು.

ಮಾರುವವರಲ್ಲಿ ನನ್ನ ವಿನಂತಿಯೊಂದಿದೆ: ಪಾಚಿನಾಶಕವನ್ನು ಕೇಳಿಕೊಂಡು ಬಂದವನಿಗೆ ಮೊದಲು ನೈಟ್ರೇಟ್, ಫಾಸ್ಫೇಟುಗಳ ಪರೀಕ್ಷಾ ಸಾಧನವನ್ನು ತೋರಿಸಿ, ಅವನು ಏನನ್ನು ಎಷ್ಟು ಉಣಿಸುತ್ತಾನೆಂದು ವಿಚಾರಿಸಿರಿ. ಕೊಳ್ಳುವವರಿಗೆ ಹೇಳಬೇಕಾದುದು ಇನ್ನೂ ನೇರವಾದುದು. ಆಹಾರವನ್ನು ತಗ್ಗಿಸಿ, ನೀರನ್ನು ಶುದ್ಧಗೊಳಿಸಿ, ಮೇಯುವ ಜೀವಿಗಳನ್ನು ಬಿಟ್ಟ ಮೇಲೆಯೂ ಬಂಡೆಯು ಹಸನಾಗಲು ತಿಂಗಳುಗಳು ಹಿಡಿಯುತ್ತವೆ. ಅಷ್ಟು ಕಾಲ ಕಾಯುವ ಸಹನೆಯಿಲ್ಲದವರು ಹವಳವನ್ನು ಮನೆಗೆ ತರದಿರುವುದೇ ಲೇಸು.